ಯಾವ ಏಣಿ ಇಟ್ಟರೂ ಆರೇ ಮೀಟರ್

ಟ್ಯೂಷನ್ ಬಿಡಿಸಿದರೆ ನನ್ನ ಮಗಳು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಪಾಸಾಗುವುದು ಸಾಧ್ಯವೇ ಇಲ್ಲ ಎಂದು ಹೇಳಿದವರು ಚನ್ನಗಿರಿಯ ಗಿರಿಜಕ್ಕ, ನನ್ನ ಓರಗಿತ್ತಿ. ಅವರು ಹಾಗೆಂದದ್ದು ಒಬ್ಬ ಗಣಿತದ ಮೇಡಂಗೆ, ಅದೂ ಆಕೆಯ ಅಡುಗೆಮನೆಯಲ್ಲೇ ಕೂತು, ಆಕೆ ಮಾಡಿದ ಒಗ್ಗರಣೆ ಮಂಡಕ್ಕಿ ತಿನ್ನುತ್ತಾ. ಆ ಮೇಡಂ ನಾನೇ. ನ್ಯಾಮತಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಅವರ ತಟ್ಟೆಗೆ ಇನ್ನಷ್ಟು ಮಂಡಕ್ಕಿ ಬಡಿಸಿದೆ. ಮಗಳನ್ನು ಟ್ಯೂಷನ್‌ಗೆ ಸೇರಿಸಿದವಳೂ ನಾನೇ ಆಗಿದ್ದೆನಲ್ಲ!

ಹೇಳಿಕೊಳ್ಳಬಾರದು, ಆದರೂ ಹೇಳಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗಳು. ಜಗಳೂರು ಕಡೆಯ ನಮ್ಮೂರಲ್ಲಿ ಅವ್ವ ನನ್ನ ಪದವಿಯ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಗೂಡಿನ ಪಕ್ಕದಲ್ಲೇ ನೇತುಹಾಕಿದ್ದಾಳೆ. ಹಬ್ಬದ ದಿನ ಅದಕ್ಕೂ ಕುಂಕುಮ, ಅದಕ್ಕೂ ಊದುಬತ್ತಿ. ಕುಂಕುಮ ಹಚ್ಚಿ ಹಚ್ಚಿ ಈಗ ಗಾಜಿನ ಮೇಲೆ ನನ್ನ ಹೆಸರೇ ಕಾಣುವುದಿಲ್ಲ. "ನನಗೆ ಯಾರು ಹೇಳಿಕೊಟ್ಟರು? ನಾನೇ ಓದಲಿಲ್ಲವೇ?" ಎಂದು ತರಗತಿಯಲ್ಲಿ ಆಗಾಗ ಭಾಷಣ ಬಿಗಿಯುತ್ತೇನೆ. ಅದು ನಿಜ ಕೂಡ. ನಾನು ಲೆಕ್ಕ ಮಾಡುವಾಗ ಅವ್ವ ಎದುರಿಗೆ ಕೂತು ಶೇಂಗಾ ಸುಲಿಯುತ್ತಿದ್ದಳು, ಅಷ್ಟೇ. ಅವಳಿಗೆ ಅಕ್ಷರ ಬಾರದು.

ಇಂಥ ನಾನು ಮಗಳು ಸ್ಪಂದನಾಳನ್ನು ಟ್ಯೂಷನ್‌ಗೆ ಯಾಕೆ ಕಳಿಸಿದೆ? ಬೀದಿಯವರೆಲ್ಲ, "ಏನ್ರೀ ಮೇಡಂ, ಎಲ್ಲರ ಮಕ್ಳೂ ಹೋಗ್ತಾವೆ, ನಿಮ್ಮ ಹುಡುಗಿ ಒಬ್ಬಳೇ ಮನೇಲಿ ಐತೆ" ಎಂದು ಮರುಗತೊಡಗಿದರು. ಅದರ ಮೇಲೆ, ಮನೆಯಲ್ಲಿ ನಾನು ಹೇಳಿಕೊಡಲು ಕೂತರೆ ಅದು ಪಾಠವಾಗದೆ ಜಗಳವಾಗುತ್ತಿತ್ತು. ಸ್ಕೂಲಿನಲ್ಲಿ ನಾನು ಅವಳ ಮೇಡಂ. ಮನೆಗೆ ಬಂದ ಮೇಲೂ ಅದೇ ಮುಖ ಎಂದರೆ ಯಾವ ಮಗು ಸಹಿಸೀತು? ನನ್ನ ಮುಖವನ್ನು ದಿನಾ ನೋಡುವವಳು ನಾನೂ ಒಬ್ಬಳು, ಆ ಕಷ್ಟ ನನಗೂ ಗೊತ್ತು.

ಟ್ಯೂಷನ್ನಿನಲ್ಲಿ ಸ್ಕೂಲಿಗಿಂತ ಒಂದು ಪಾಠ ಮುಂದೆ ಓಡಿಸುತ್ತಾರೆ. ಹೀಗಾಗಿ ನಾನು ಹೊಸ ಪಾಠ ತೆಗೆದರೆ ತರಗತಿಯಲ್ಲಿ ಊಟ ಮುಗಿಸಿ ಬಂದವರ ಕಳೆ. ಒಂದು ದಿನ ಗೋಡೆಗೆ ಏಣಿ ಇಟ್ಟ ಲೆಕ್ಕ ಬರೆಯತೊಡಗಿದೆ. ಏಣಿಯ ಉದ್ದ ಹತ್ತು ಮೀಟರ್, ಕಿಟಕಿಯ ಎತ್ತರ ಎಂಟು, ಗೋಡೆಯಿಂದ ಏಣಿಯ ಬುಡಕ್ಕೆ ಎಷ್ಟು ದೂರ? ವಾಕ್ಯ ಮುಗಿಯುವ ಮೊದಲೇ, "ಆರು ಮೀಟರ್!" ಎಂದು ಒಕ್ಕೊರಲಿನ ಉತ್ತರ. ಹಿಗ್ಗಿದೆ. ಅನುಮಾನವೂ ಬಂತು. ಹತ್ತನ್ನು ಅಳಿಸಿ ಹದಿಮೂರು ಮಾಡಿದೆ, ಎಂಟನ್ನು ಹನ್ನೆರಡು ಮಾಡಿದೆ. "ಆರು ಮೀಟರ್!" ಕೊನೆಗೆ ಏಣಿಯನ್ನು ಐದೇ ಮೀಟರಿಗೆ ಇಳಿಸಿ ಕಿಟಕಿಯನ್ನು ಮತ್ತೆ ಎಂಟಕ್ಕೆ ತಂದೆ. ಆಗಲೂ ಆರೇ.

"ಲೇ, ಐದು ಮೀಟರ್ ಏಣಿ ಎಂಟು ಮೀಟರ್ ಮೇಲಿರೋ ಕಿಟಕಿಗೆ ಹೆಂಗೆ ಮುಟ್ಟುತ್ರೋ?" ಎಂದೆ. ಮುಂದಿನ ಬೆಂಚಿನಿಂದ ಎದ್ದು ನಿಂತವಳು ನನ್ನ ಮಗಳೇ. "ಮೇಡಂ, ಅಂಥದ್ದು ಪರೀಕ್ಷೆಗೆ ಬರಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ನಿಂತದ್ದು ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಿದ್ದಿದ ದಿನ. ಅದರಲ್ಲಿ ಏಣಿ ಇರಲಿಲ್ಲ, ಕಂಬಕ್ಕೆ ಬಿಗಿದ ತಂತಿಯ ಲೆಕ್ಕವಿತ್ತು. ಸ್ಪಂದನಾ ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಹಾಗೆ ಬಿಟ್ಟ ಜಾಗಗಳೇ ಹೆಚ್ಚಾಗಿ ಫೇಲಾಗಿದ್ದಳು. ಮನೆಗೆ ಬಂದು ಅಳುತ್ತಾ, "ಅಮ್ಮ, ಅದು ಏಣಿ ಲೆಕ್ಕದ ಥರಾನೇ ಅಂತ ನಂಗೆ ಯಾರೂ ಹೇಳಿರ್ಲಿಲ್ಲ" ಎಂದಳು. ಹದಿನೈದು ತುಂಬಿದ ಹುಡುಗಿ ತಾನೇ ಯೋಚಿಸಬಹುದು ಎಂಬುದನ್ನೇ ಮರೆತು ಕೂತಿದ್ದಳು. ಟ್ಯೂಷನ್ ಮೇಷ್ಟ್ರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವರ ಮನೆಗೆ ಕೈಹಿಡಿದು ಕರೆದೊಯ್ದು ಬಿಟ್ಟವಳು ನಾನು. ಮರುದಿನವೇ ಬಿಡಿಸಿದೆ. ಗಿರಿಜಕ್ಕ ಚನ್ನಗಿರಿಯಿಂದ ಬಸ್ಸು ಹತ್ತಿ ಬಂದು ಮಂಡಕ್ಕಿ ತಿಂದು ಶಾಪ ಹಾಕಿದ್ದು ಆಗಲೇ.

ಇನ್ನು ಮನೆಯಲ್ಲೇ ಪಾಠ. ಮೊದಲ ವಾರ ನಾನೇ ಒಂದು ಟ್ಯೂಷನ್ ಸೆಂಟರ್ ಆಗಿಬಿಟ್ಟೆ. ಅವಳು ಪೆನ್ನು ಎತ್ತುವಷ್ಟರಲ್ಲಿ ನನ್ನ ಬಾಯಿಂದ ಉತ್ತರ ಉದುರುತ್ತಿತ್ತು. "ಅಮ್ಮ, ನೀನು ಸುಮ್ನೆ ಕೂತ್ಕೊಳಾಕೆ ಏನು ತಗೋತೀಯ?" ಎಂದಳು. ನ್ಯಾಯವಾದ ಪ್ರಶ್ನೆ. ಅವ್ವ ಕಳಿಸಿದ ಹುರಿದ ಶೇಂಗಾದ ಚೀಲ ಮೂಲೆಯಲ್ಲಿತ್ತು. ಉತ್ತರ ನಾಲಿಗೆಗೆ ಬಂದಾಗಲೆಲ್ಲ ಒಂದು ಹಿಡಿ ಬಾಯಿಗೆ ತುಂಬಿಕೊಳ್ಳತೊಡಗಿದೆ. ಅವಳು ತಪ್ಪುತ್ತಿದ್ದಳು, ನಾನು ಅಗಿಯುತ್ತಿದ್ದೆ. ಅವಳು ಅಳಿಸುತ್ತಿದ್ದಳು, ನಾನು ಇನ್ನೊಂದು ಹಿಡಿ ತುಂಬುತ್ತಿದ್ದೆ. ಸುಮ್ಮನಿರುವುದು ಬಿ.ಎಡ್.ಗಿಂತ ಕಷ್ಟದ ಓದು ಎಂದು ತಿಳಿಯಿತು. ಒಂದು ಸಂಜೆ ಗಾಳಿಪಟದ ದಾರದ ಲೆಕ್ಕವನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ಚೀರಿದಳು: "ಅಮ್ಮ, ಇದೂ ಏಣಿನೇ!" ಬಾಯಿ ತುಂಬ ಶೇಂಗಾ ಇದ್ದುದರಿಂದ ನಾನು ಭೇಷ್ ಎನ್ನಲೂ ಆಗಲಿಲ್ಲ. ಕಣ್ಣೊರೆಸಿಕೊಂಡೆ.

ಪಾಸಾದಳು. ಪೇಪರಿನಲ್ಲಿ ಫೋಟೋ ಬರುವಂಥ ಅಂಕಗಳೇನಲ್ಲ, ಆದರೆ ಪ್ರತಿಯೊಂದೂ ಅವಳದೇ. "ನೋಡ್ದೇನೇ? ಟ್ಯೂಷನ್ನಲ್ಲಿ ಹಾಕಿದ ಫೌಂಡೇಶನ್ ಅದು" ಎಂದು ಗಿರಿಜಕ್ಕ ಫೋನಿನಲ್ಲಿ ತೀರ್ಪು ಕೊಟ್ಟರು.

ಅಂಕಪಟ್ಟಿ ಕೊಡುವ ದಿನ ಅವ್ವನೂ ಬಂದಿದ್ದಳು. ಹೆಡ್ ಮೇಷ್ಟ್ರು ಅದನ್ನು ಸ್ಪಂದನಾಳ ಕೈಗಿತ್ತರು, ಅವಳು ನೇರ ಅಜ್ಜಿಯ ಕೈಗಿಟ್ಟಳು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು, "ನಿಮ್ಮವ್ವ ಭಾಳ ಚೆನ್ನಾಗಿ ಹೇಳಿಕೊಟ್ಳೇನವ್ವ?" ಎಂದು ಕೇಳಿದಳು.

"ಏನೂ ಹೇಳಿಕೊಡ್ಲಿಲ್ಲ ಅಜ್ಜಿ. ಎದುರಿಗೆ ಕೂತು ಶೇಂಗಾ ತಿಂದ್ಲು."

ಅವ್ವ ನನ್ನ ಕಡೆ ತಿರುಗಿ ಕನಿಕರದಿಂದ ನೋಡಿದಳು. "ನಾನೂ ನಿನ್ನ ಹಂಗೇ ಓದಿಸಿದ್ದಲ್ಲೇನವ್ವ? ನಂಗೆ ಅಕ್ಷರ ಬರ್ತಿರ್ಲಿಲ್ಲ, ಸುಮ್ನೆ ಕೂರಾಕೆ ಸಲೀಸಾತು. ನಿಂಗೆ ಎಲ್ಲಾ ಬರ್ತೈತಲ್ಲ, ಪಾಪ, ಭಾಳ ಕಷ್ಟ ಆಗಿರ್ಬೇಕು."