ಕಾಕಾನ ಕೈಗುಣ

ಸಿಂಧನೂರಿನ ಅಂಗಡಿಗಳು ಇಷ್ಟು ಚೆನ್ನಾಗಿ ನಡೆಯುತ್ತಿದ್ದರೆ ಅದಕ್ಕೆ ಕಾಲುವೆಯ ನೀರೂ ಕಾರಣವಲ್ಲ, ಭತ್ತವೂ ಕಾರಣವಲ್ಲ. ನಮ್ಮ ಕಾಕಾ ಕಾರಣ! ವರ್ಷಾನುಗಟ್ಟಲೆ ಯಾವ ಅಂಗಡಿಗೂ ಮೊದಲ ಗಿರಾಕಿಯಾಗಿ ಹೋಗದೆ ಆತ ಊರನ್ನು ಉಳಿಸಿದ್ದಾನೆ. ಹಾಗಂತ ಬೇರೆ ಯಾರೂ ಹೇಳಿಲ್ಲ, ಅವನೇ ನಂಬಿದ್ದ.

ತನ್ನ ಕೈಗುಣ ಸರಿ ಇಲ್ಲ ಎಂಬುದು ಅವನ ಸಿದ್ಧಾಂತ. ದಿನದ ಮೊದಲ ವ್ಯಾಪಾರ, ಅಂದರೆ ಬೋಣಿಗೆ, ಅವನಿಂದಾದರೆ ಆ ಅಂಗಡಿಯವನು ಸಂಜೆಯವರೆಗೆ ನೊಣ ಹೊಡೆಯಬೇಕಂತೆ. ಬೆಳಗ್ಗೆ ಚಹಾದ ಹೋಟೆಲಿಗೆ ಹೋದರೆ ಒಳಗೆ ಕಾಲಿಡುತ್ತಿರಲಿಲ್ಲ.

"ಬರ್ರಿ ಒಳಗ, ಚಾ ಕುದಿಯಾಕತ್ತೈತಿ," ಎನ್ನುತ್ತಿದ್ದ ಹೋಟೆಲಿನವ.

"ಕುದೀಲಿ ಬಿಡ್ರಿ. ಯಾರರ ಪುಣ್ಯವಂತರು ಬರ್ಲಿ."

ಪುಣ್ಯವಂತರು ಬರುವವರೆಗೆ ಹೊರಗೆ ಚಳಿಯಲ್ಲಿ ಕೈ ಕಟ್ಟಿ ನಿಲ್ಲುವುದು. ಬಸ್ಸಿನಲ್ಲೂ ಅದೇ ಕಥೆ. ನಮ್ಮೂರು ದಢೇಸುಗೂರಿನಿಂದ ಸಿಂಧನೂರಿಗೆ ಹೊರಟ ಮೊದಲ ಬಸ್ಸಿನಲ್ಲಿ ಒಮ್ಮೆ ಕಾಕಾ, ನಾನು ಇಬ್ಬರೇ. ಇನ್ನೊಬ್ಬರು ಹತ್ತುವವರೆಗೆ ಟಿಕೆಟ್ ತೆಗೆಸುವುದಿಲ್ಲ ಎಂದು ಹಟ ಹಿಡಿದ. ನನ್ನ ಟಿಕೆಟನ್ನೂ ತೆಗೆಸಲು ಬಿಡಲಿಲ್ಲ, ಒಂದೇ ರಕ್ತವಲ್ಲವೇ! ಕಂಡಕ್ಟರ್ ಸಮಾಧಾನವಾಗಿ, "ಯಜಮಾನ್ರ, ಈ ಬಸ್ಸಿಗೆ ನಿಮ್ಮ ಕೈಗುಣ ಇನ್ನೇನ್ ಮಾಡ್ತೈತ್ರಿ? ಇದರ ಗೇರು ಮೊದಲ ಬೀಳವಲ್ದು," ಅಂದ.

ಮಸ್ಕಿಯಲ್ಲಿ ನಮ್ಮ ಸಂಬಂಧಿಕರ ಮದುವೆ. ಎಲ್ಲರ ಅಕ್ಷತೆ ಬಿದ್ದು, ಬಾಜಾ ನಿಂತು, ಮದುಮಕ್ಕಳು ಎದ್ದು ಹೋದ ಮೇಲೆ ಕಾಕಾ ಮೆಲ್ಲಗೆ ಒಂದು ಹಿಡಿ ಎಸೆದ. ಅದು ಫೋಟೋದವನ ತಲೆಯ ಮೇಲೆ ಬಿತ್ತು. ಸಂಜೆಗೆ ಅವನ ಕ್ಯಾಮೆರಾ ಕೆಟ್ಟಿತು. ಕಾಕಾ ನನ್ನ ಕಡೆ ತಿರುಗಿ "ಕಂಡ್ಯಾ?" ಅಂದ, ಗೆದ್ದವನ ಹಾಗೆ.

ಇಷ್ಟಕ್ಕೆಲ್ಲ ಮೂಲವೇನು? ಹಿಂದೆ ಒಂದು ವರ್ಷ ಹೊಲದಲ್ಲಿ ಭತ್ತದ ನಾಟಿಗೆ ಮೊದಲ ಸಸಿ ಹಚ್ಚಿದವನು ಕಾಕಾ. ಆ ವರ್ಷ ಭತ್ತಕ್ಕೆ ರೋಗ ಬಿತ್ತು. ರೋಗ ಬಿದ್ದದ್ದು ಸುತ್ತಲಿನ ಎಲ್ಲ ಊರುಗಳ ಭತ್ತಕ್ಕೆ. ಕಾಕಾನ ಕೈ ಅಷ್ಟು ಉದ್ದವಿದೆ ಎಂದು ನಮಗಾರಿಗೂ ಗೊತ್ತಿರಲಿಲ್ಲ! ಅದೇ ವರ್ಷ ಅವನು ಹಗ್ಗ ಹಿಡಿದು ತಂದ ಎಮ್ಮೆ ಹಾಲು ಕೊಡಲಿಲ್ಲ. ಎರಡು ಸಾಕ್ಷಿ ಸಿಕ್ಕವು, ತೀರ್ಪು ಆಯಿತು.

ಅಲ್ಲಿಯವರೆಗೆ ಆತ ನಸುಕಿನಲ್ಲೇ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಹೊತ್ತು ಮೂಡುವಾಗ ಹೊಲದ ಬದುವಿನ ಮೇಲೆ ಇರುತ್ತಿದ್ದವನು. ಮೊದಲು ಹೊಲ ಬಿಟ್ಟ, ಬೆಳೆಗೆ ಕೈ ತಗಲಬಾರದಲ್ಲ! ಹೊಲವಿಲ್ಲದ ಮೇಲೆ ಬೇಗ ಏಳುವುದೇಕೆ? ಬೇಗ ಏಳದ ಮೇಲೆ ಪೂಜೆ ಯಾವಾಗ? ಒಂದರ ಹಿಂದೆ ಒಂದು ಜಾರಿ, ಕೊನೆಗೆ ಉಳಿದದ್ದು ಕಂಬಳಿ ಮತ್ತು ಚಹಾ.

"ಉಣ್ಣಾಕ ಕುಂತ್ರ ಮಾತ್ರ ನಿಮ್ಮ ಕಾಕಾನ ಕೈಗುಣ ಭಾಳ ಛಲೋ ಐತಿ ನೋಡಪ್ಪ," ಎನ್ನುತ್ತಿದ್ದಳು ಕಾಕಿ.

ಹೀಗಿರುವಾಗ ಕಾಕಾನ ಒಬ್ಬಳೇ ಮಗಳು ಲಿಂಗಸುಗೂರಿನಲ್ಲಿ ಹೊಲಿಗೆ ಕಲಿತು ಬಂದು, ಸಿಂಧನೂರಿನ ಒಂದು ಗಲ್ಲಿಯಲ್ಲಿ ಟೇಲರಿಂಗ್ ಅಂಗಡಿ ಇಟ್ಟಳು. ಬೋಣಿಗೆಗೆಂದು ಕಾಕಾ ಅಕ್ಕಿ ಗಿರಣಿಯ ಸಾಹುಕಾರರೊಬ್ಬರನ್ನು ಒಪ್ಪಿಸಿ ಕರೆತಂದು, ತಾನು ಎದುರಿನ ಹೋಟೆಲಿನಲ್ಲಿ ಅಡಗಿ ಕೂತ. ಮಗಳು ಸಾಹುಕಾರರಿಗೆ ಶರಬತ್ತು ಕೊಟ್ಟಳು, ಕೈ ಮುಗಿದಳು, ಹಾಗೇ ಕಳಿಸಿದಳು.

"ಬೋಣಿಗಿ ನಮ್ಮಪ್ಪಂದರೀ."

ಆಮೇಲೆ ಬ್ಲೌಸ್ ಪೀಸು ಹಿಡಿದು ಬಂದ ಹೆಂಗಸರಿಗೂ ಅದೇ ಉತ್ತರ: "ಇನ್ನೂ ಬೋಣಿಗಿ ಆಗಿಲ್ರೀ ಅಕ್ಕಾ, ಆಮ್ಯಾಲ ಬರ್ರಿ." ಕಾಕಾ ಹೋಟೆಲಿನಿಂದ ನೋಡುತ್ತಲೇ ಇದ್ದ. ತನ್ನ ಕೈಯಿಂದ ಅಂಗಡಿಗೆ ಆಗಬಹುದಾದ ಕೇಡು ಕೈ ಕಟ್ಟಿ ಕೂತಿದ್ದರಿಂದಲೇ ಆಗುತ್ತಿದೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಎದ್ದು ರಸ್ತೆ ದಾಟಿ, ಮೈಮೇಲಿನ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ನಿಂತು, "ಇದಕ್ಕೊಂದು ಗುಂಡಿ ಹಚ್ಚು," ಅಂದ. ದುಡ್ಡು ಕೊಡುವಾಗ ಕಣ್ಣು ಮುಚ್ಚಿಕೊಂಡಿದ್ದ.

ಸಂಜೆಗೆ ಅಂಗಡಿಯ ಕಪಾಟು ಬ್ಲೌಸ್ ಪೀಸುಗಳಿಂದ ತುಂಬಿತು. ಇನ್ನಾದರೂ ನಂಬಿದನೇ? "ಶ್ರಾವಣ ಅಲ್ಲೇನೋ, ಹಬ್ಬ ಬಂದಾವ," ಅಂದ. ಕೆಟ್ಟರೆ ಕೈಗುಣ, ಒಳ್ಳೆಯದಾದರೆ ಶ್ರಾವಣ!

ಮಗಳು ಬಿಡಲಿಲ್ಲ. ದಿನಾ ಬೋಣಿಗೆ ಅಪ್ಪನದೇ ಆಗಬೇಕೆಂದಳು. ಅದಕ್ಕೆ ಮೊದಲ ಬಸ್ಸು ಹಿಡಿಯಬೇಕು, ಮೊದಲ ಬಸ್ಸಿಗೆ ನಸುಕಿನಲ್ಲಿ ಏಳಬೇಕು, ಎದ್ದ ಮೇಲೆ ಸ್ನಾನ, ಸ್ನಾನವಾದ ಮೇಲೆ ಪೂಜೆ. ಜಾರಿ ಹೋದದ್ದೆಲ್ಲ ಒಂದೊಂದಾಗಿ ಮನೆಗೆ ಮರಳತೊಡಗಿತು. ಕೆಲವು ದಿನ ಬಸ್ಸು ತಪ್ಪಿತು. ಒಮ್ಮೆ ವಿಭೂತಿ ಬದಲು ಅರ್ಧನಿದ್ದೆಯಲ್ಲಿ ರಂಗೋಲಿ ಪುಡಿ ಬಳಿದುಕೊಂಡು ಬಂದಿದ್ದ. ಆದರೂ ಬರುತ್ತಿದ್ದ, ಅಂಗಡಿಯ ಕಸ ಗುಡಿಸುತ್ತಿದ್ದ, ನೀರು ಚಿಮುಕಿಸುತ್ತಿದ್ದ.

ಒಂದು ದಿನ ಅವನ ಬೋಣಿಗೆಯಾದ ಕೂಡಲೇ ಮಷಿನ್ನಿನ ಸೂಜಿ ಮುರಿಯಿತು. ಕಾಕಾ ಮುಂದಿನ ಬಸ್ಸು ಹಿಡಿದು ಊರಿಗೆ ಬಂದು ಕಂಬಳಿ ಹೊದ್ದು ಮಲಗಿದ. ಮರುದಿನವೂ ಏಳಲಿಲ್ಲ. ಸಂಜೆ ನಾನು ಅವನ ಮನೆಯಲ್ಲೇ ಇದ್ದೆ. ಅಂಗಡಿ ಮುಚ್ಚಿ ಬಂದ ಮಗಳು ಹಾಸಿಗೆಯ ಪಕ್ಕ ಕೂತಳು.

"ಸೂಜಿ ದಿನಾ ಮುರೀತಾವಪ್ಪಾ. ಅದಕ್ಕ ಪಾಕೀಟಿನ್ಯಾಗ ತಂದಿಟ್ಕೊಂಡೀನಿ."

ಕಂಬಳಿಯ ಒಳಗಿನಿಂದ ಉತ್ತರ ಬಂತು: "ನನ್ನ ಕೈ ತಗಲಿದ್ದೆಲ್ಲ ಕೆಡ್ತೈತಿ. ನಿನ್ನ ಅಂಗಡಿ ಕೆಡಬಾರದವ್ವಾ."

ಅವಳು ಕಂಬಳಿ ಸರಿಸಿ ಅವನ ಬಲಗೈ ಹಿಡಿದಳು.

"ಅವ್ವ ಹೇಳ್ತಾಳ, ನಾ ಹುಟ್ಟಿದಾಗ ಎಲ್ಲಾರಕಿಂತ ಮೊದಲ ನನ್ನ ಎತ್ಕೊಂಡಾಂವ ನೀನ ಅಂತ. ನಾ ಕೆಟ್ಟೀನೇನಪ್ಪಾ?"

ಕಾಕಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಷ್ಟು ವರ್ಷ ಅವನನ್ನು ಆಡಿಕೊಂಡು ನಕ್ಕ ನಾನು ಸರಿದ ಕಂಬಳಿಯನ್ನು ಮಡಚತೊಡಗಿದೆ. ಕಾಕಾ ಎದ್ದು ಕೂತು ಆ ಕೈಯನ್ನು ಮಗಳ ತಲೆಯ ಮೇಲಿಟ್ಟ.

ಮರುದಿನ ನಸುಕಿನಲ್ಲಿ ನಾನು ಬಸ್ಸು ಹತ್ತಿದಾಗ ಕಾಕಾ ಆಗಲೇ ಮುಂದಿನ ಸೀಟಿನಲ್ಲಿದ್ದ, ಹಣೆಯ ಮೇಲೆ ನಿಜವಾದ ವಿಭೂತಿ. ಪಕ್ಕದಲ್ಲಿ ಮಗಳು ನಿದ್ದೆಗಣ್ಣಿನಲ್ಲಿ ಅವನ ಹೆಗಲಿಗೆ ಒರಗಿದ್ದಳು. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಕಾಕಾ ಬಲಗೈಯಲ್ಲಿ ನೋಟು ಚಾಚಿ, "ಮೊದಲನೇ ಟಿಕೆಟ್ ನಂದು," ಅಂದ.

ಅದೇ ಕಂಡಕ್ಟರ್. "ಯಾಕ್ರೀ ಯಜಮಾನ್ರ, ಇವತ್ತ ಕೈಗುಣ ಹೆಂಗೈತಿ?"

ಕಾಕಾ ಮಗಳ ಕಡೆ ನೋಡಿದ. ಅವಳಿಗೆ ಎಚ್ಚರವಾಗದ ಹಾಗೆ ಸಣ್ಣ ದನಿಯಲ್ಲಿ ಹೇಳಿದ:

"ಇಕಿ ಈ ಕೈಯಾಗ ಬೆಳದಾಳ್ರೀ."