ಮಣೆಯಿಂದ ಎಬ್ಬಿಸಿದ ಹಸಿರು ಚಹಾ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ: ಈ ನಾಲ್ಕೂ ತಾಲೂಕುಗಳಲ್ಲಿ ನಮ್ಮ ಮನೆಯವರು ಚಹಾ ಕುಡಿಯದೆ ಎದ್ದು ಬಂದ ಮನೆ ಒಂದೂ ಇಲ್ಲ. "ಬ್ಯಾಡ್ರಿ, ಈಗರ ಕುಡದೇನಿ" ಎಂಬ ಮಾತನ್ನು ಅವರ ಬಾಯಿಂದ ಕೇಳಿದವರು ಯಾರೂ ಬದುಕಿಲ್ಲ; ಯಾಕೆಂದರೆ ಅಂಥವರು ಹುಟ್ಟಿಯೇ ಇಲ್ಲ.

ಸಂಗೊಳ್ಳಿಯಲ್ಲಿ ಒಮ್ಮೆ ಒಂದು ಮದುವೆಯ ಮಾತುಕತೆ ಮುರಿದುಬಿದ್ದು, ಎರಡೂ ಕಡೆಯ ಹಿರಿಯರು ಟೊಪ್ಪಿಗೆ ಸರಿಮಾಡಿಕೊಂಡು ಚಪ್ಪಲಿ ಹುಡುಕುತ್ತಿದ್ದರಂತೆ. ಅಷ್ಟರಲ್ಲಿ ಒಳಗಿನಿಂದ ಚಹಾ ಬಂತು. "ಮುರಿಯೂದೇನ್ ಎಲ್ಲಿ ಓಡಿ ಹೋಗತೈತ್ರಿ? ಚಾ ಆರಾಕ ಹತ್ತೈತಿ. ಮೊದಲ ಕುಡೀರಿ, ಆಮ್ಯಾಲ ಮುರೀರಿ" ಎಂದರಂತೆ ಇವರು. ಎಲ್ಲರೂ ಕುಡಿದರು. ಮುರಿಯುವುದು ಮರೆತುಹೋಯಿತು. ಆ ದಂಪತಿಗೆ ಈಗ ಮೂರು ಮಕ್ಕಳು. ಅಂದಿನಿಂದ ನಮ್ಮ ಯಜಮಾನರಾದ ಶ್ರೀಮಾನ್ ನಿಜಗುಣಪ್ಪನವರು ಚಹಾ ಕುಡಿಯುವುದನ್ನು ಸಮಾಜಸೇವೆಯೆಂದೇ ನಡೆಸಿಕೊಂಡು ಬಂದಿದ್ದಾರೆ. ಸೇವೆಯ ಫಲವೆಲ್ಲ ಹೊಟ್ಟೆಯಲ್ಲಿ ಸಂಗ್ರಹವಾಗಿದೆ.

ಈ ಸಂಗ್ರಹದ ಬಗ್ಗೆ ನನ್ನದೇನೂ ತಕರಾರು ಇರಲಿಲ್ಲ, ನಮ್ಮ ಮಗಳ ನಿಶ್ಚಯದ ದಿನದವರೆಗೆ. ರಾಮದುರ್ಗದ ಬೀಗರ ಮನೆ. ಪೂಜೆಗೆಂದು ಇವರು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕೂರುವುದಕ್ಕೇನು, ಭೂಮಿಯೇ ಸಹಾಯ ಮಾಡುತ್ತದೆ. ಸ್ವಾಮಿಗಳು "ಏಳ್ರಿ" ಎಂದಾಗ ಮಾತ್ರ ಭೂಮಿ ಬಿಡಲಿಲ್ಲ. ಮುಂದೆ ವಾಲಿದರು. ಹಿಂದೆ ವಾಲಿದರು. ಕೊನೆಗೆ ಬೀಗರ ಕಡೆಯ ಮೂವರು ಗಂಡಸರು, ಕೆಸರಲ್ಲಿ ಹುಗಿದ ಚಕ್ಕಡಿಯನ್ನು ಎತ್ತುವವರ ಹಾಗೆ, "ಹ್ಞಾಂ, ಎತ್ರಿ!" ಎಂದು ಎತ್ತಿ ನಿಲ್ಲಿಸಿದರು. ಯಾರೋ ಪುಣ್ಯಾತ್ಮರು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟರು. ಬೀಗ್ತಿ ಬಾಯಿಗೆ ಸೆರಗು ಹಿಡಿದು, "ಹೆದರಬ್ಯಾಡ್ರಿ ಬೀಗ್ತ್ಯಾರ, ಲಗ್ನದಾಗೂ ನಮ್ಮ ಮಂದೀನ ಎತ್ತತಾರ" ಎಂದರು.

ಲಗ್ನದಾಗೂ! ನನ್ನ ಮೈ ಉರಿದುಹೋಯಿತು. "ಲಗ್ನದಾಗ ಅವರು ತಾವ ಏಳತಾರ್ರಿ. ಯಾರೂ ಕೈ ಹಚ್ಚೂದ ಬ್ಯಾಡ" ಎಂದು ಇಡೀ ಪಡಸಾಲೆಯ ಮುಂದೆ ಶಪಥ ಮಾಡಿಬಿಟ್ಟೆ. ಲಗ್ನಕ್ಕೆ ಉಳಿದದ್ದು ನಲವತ್ತು ದಿನ.

ಮರುದಿನವೇ ಹಸಿರು ಚಹಾದ ಡಬ್ಬಿ ಮನೆಗೆ ಬಂತು. ದಿನಕ್ಕೆ ನಾಲ್ಕು ಸಲ ಕುಡಿದರೆ ಹೊಟ್ಟೆ ಹೇಳದೆ ಕೇಳದೆ ಕರಗುತ್ತದೆಂದು ಮೊಬೈಲಿನಲ್ಲಿ ಒಬ್ಬ ತೆಳ್ಳನೆಯ ಹುಡುಗಿ ಹೇಳಿದ್ದಳು. (ಅವಳಿಗೆ ಕರಗಿಸಲು ಏನಿತ್ತೋ ದೇವರೇ ಬಲ್ಲ.) ಇವರು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

"ಹುಲ್ಲ ತೊಯಿಸಿದ ನೀರ ಐತಿ ಇದು. ನಮ್ಮ ಎಮ್ಮಿನೂ ಮೂಸೂದಿಲ್ಲ."

"ಎಮ್ಮಿ ಮಣಿ ಮ್ಯಾಲ ಕುಂದ್ರೂದಿಲ್ಲ. ಕುಡೀರಿ."

ಕುಡಿದರು. ಆದರೆ ಆ ನಲವತ್ತು ದಿನಗಳೇ ಲಗ್ನಪತ್ರಿಕೆ ಹಂಚುವ ದಿನಗಳೂ ಆಗಿದ್ದವು. ನಾಲ್ಕು ತಾಲೂಕು, ಇನ್ನೂರು ಮನೆ, ಇನ್ನೂರು ಚಹಾ! ನಾನು ಇವರ ಅಂಗಿಯ ಜೇಬಿಗೆ ಹಸಿರು ಚಹಾದ ಪುಟ್ಟ ಚೀಲಗಳನ್ನು ತುಂಬಿ, "ಯಾರ ಮನಿಗೆ ಹೋದ್ರೂ ಇದನ್ನ ಕುಡೀರಿ. ತಿನ್ನಾಕ ಏನ ಕೊಟ್ರೂ ಮುಟ್ಟಬ್ಯಾಡ್ರಿ. ನನ್ನ ಆಣಿ ಐತಿ" ಎಂದೆ. ನಂಬಿಕೆ ಸಾಲದೆ ಮೊದಲ ದಿನ ಜೊತೆಗೂ ಹೊರಟೆ.

ಮೊದಲ ಮನೆ ಕಿತ್ತೂರಿನ ರಾಚವ್ವನದು. ಇವರಿಗೆ ಚಿಗವ್ವ ಆಗಬೇಕು. ಇವರು ಕೊಟ್ಟ ಚೀಲವನ್ನು ಮುದುಕಿ ದಾರ ಹಿಡಿದು ಬೆಳಕಿಗೆ ಎತ್ತಿ ನೋಡಿದಳು.

"ಏನೋ ಇದು ನಿಜಗುಣಿ, ತಾಯತಾ?"

"ಚಾ ಬೇ ಚಿಗವ್ವ. ಬಿಸಿನೀರಾಗ ಅದ್ದಿದ್ರ ಮುಗೀತು."

"ಹಾಲು?"

"ಇಲ್ಲ."

"ಸಕ್ರಿ?"

"ಅದೂ ಇಲ್ಲ."

ರಾಚವ್ವ ನನ್ನ ಕಡೆ ತಿರುಗಿದಳು. "ಬೈಲಹೊಂಗಲದಾಗಿನ ಎಮ್ಮಿ ಎಲ್ಲಾ ಬತ್ತಿ ಹೋಗ್ಯಾವೇನವಾ? ಲಗ್ನದ ಕಾರ್ಡ ಕೊಡಾಕ ಬಂದವಗ ಬರೇ ಬಣ್ಣದ ನೀರ ಕೊಟ್ಟ ಕಳಿಸಿದ್ಲು ರಾಚವ್ವ ಅಂತ ಮಂದಿ ಆಡಕೋಬೇಕೇನು?" ಎಂದವಳೇ ಒಳಗೆ ಹೋಗಿ ತಾಟಿನ ತುಂಬ ಶೇಂಗಾ ಹೋಳಿಗೆ ತಂದಿಟ್ಟಳು.

ಇವರು ತಾಟನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ರಾಜ್ಯ ಬಿಟ್ಟು ವನವಾಸಕ್ಕೆ ಹೊರಟವರ ಧ್ವನಿಯಲ್ಲಿ, "ಬ್ಯಾಡ ಚಿಗವ್ವ. ಇಕಿ ಆಣಿ ಹಾಕ್ಯಾಳ" ಎಂದರು.

"ಹಂಗಾರ ಕಟ್ಟಿ ಕೊಡತೇನಿ. ಆಣಿ ಹಾಕಿದಾಕೀನ ತಿನ್ನಲಿ!"

ಈ ಸುದ್ದಿ ನಮಗಿಂತ ಮೊದಲೇ ಮುಂದಿನ ಊರುಗಳಿಗೆ ಹೋಗಿ ಕೂತಿತ್ತು. ಹಾಲು ಸಕ್ಕರೆ ಇಲ್ಲದ ಚಹಾ ಕೊಟ್ಟ ಅವಮಾನವನ್ನು ತೊಳೆದುಕೊಳ್ಳಲು ಒಂದೊಂದು ಮನೆಯೂ ಒಂದೊಂದು ಗಂಟು ಕಟ್ಟತೊಡಗಿತು. ದೇಗಾಂವದಿಂದ ಅಂಟಿನ ಉಂಡಿ, ಮನೋಳಿಯಿಂದ ತುಪ್ಪ ಸೋರುವ ಹೂರಣದ ಹೋಳಿಗೆ, ಸವದತ್ತಿಯಿಂದ ಡಬ್ಬಿಗಟ್ಟಲೆ ಬೇಸನ್ ಉಂಡಿ. ಇವರು ದಿನಾ ಸಂಜೆ, ಸಾಮಂತರು ಕಪ್ಪಕಾಣಿಕೆ ಒಪ್ಪಿಸುವಂತೆ, ನನ್ನ ಮುಂದೆ ಗಂಟು ಇಟ್ಟು, "ನೋಡ, ಒಂದ ಚೂರೂ ಮುಟ್ಟಿಲ್ಲ" ಎನ್ನುವರು.

ಈಗ ಹೇಳಿ, ನಾನೇನು ಮಾಡಬೇಕು? ಮನೆಯಲ್ಲಿಟ್ಟರೆ ಇವರ ವ್ರತ ಕೆಡುತ್ತದೆ. ಆಚೀಚೆ ಮನೆಗೆ ಹಂಚೋಣವೆಂದರೆ ಕೊಟ್ಟವರೇ ಫೋನ್ ಮಾಡುತ್ತಾರೆ: "ಹೆಂಗಿದ್ದೂವ್ರಿ ಅಕ್ಕಾರ ನಮ್ಮ ಉಂಡಿ? ಯಾಲಕ್ಕಿ ಹೆಚ್ಚಾಗಿತ್ತೇನು?" ಲಗ್ನ ಇಟ್ಟುಕೊಂಡ ಮನೆಯಲ್ಲಿ ಸುಳ್ಳು ಹೇಳಲಾದೀತೆ? ಹಾಗಾಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಶತ್ರುಸೈನ್ಯವನ್ನು ಒಬ್ಬಳೇ ಸಂಹರಿಸಿದೆ. (ಒಣ ಹೋಳಿಗೆ ಗಂಟಲಲ್ಲಿ ಹಿಡಿಯುತ್ತದೆಂದು ಸ್ವಲ್ಪ ತುಪ್ಪ ಹಾಕಿಕೊಳ್ಳುತ್ತಿದ್ದೆ, ಅಷ್ಟೇ.) ಪತಿಗಾಗಿ ಇಷ್ಟು ತ್ಯಾಗ ಮಾಡಿದವರು ಪುರಾಣದಲ್ಲೂ ಕಡಿಮೆ. ಇದೇ ಗಡಿಬಿಡಿಯಲ್ಲಿ ಲಗ್ನಕ್ಕೆ ನಾನು ಉಡುವ ಸೀರೆಯ ಜಂಪರನ್ನು ಬಿಗಿಯಾಗಿ ಹೊಲಿದನೆಂದು ಟೇಲರ್ ಪರಶುನನ್ನು ಎರಡು ಸಲ ಬೈದು ಬರಬೇಕಾಯಿತು. ಇವರು ಮಾತ್ರ ಹಸಿರು ಚಹಾ ಹಿಡಿದು, ಹಂದರದ ಮರಗೆಲಸಕ್ಕೆ ಬಂದ ಬಡಿಗ್ಯಾರ ಕಾಡಪ್ಪನ ಜೊತೆ ಹಿತ್ತಲಲ್ಲಿ ಪಿಸುಪಿಸು ಮಾತಾಡುತ್ತ ಆರಾಮಾಗಿದ್ದರು.

ಲಗ್ನದ ದಿನ ಬಂತು. ಎರಡು ಮಣೆ, ಮೇಲೆ ನೆಲ ಮುಟ್ಟುವ ಬಿಳಿ ಬಟ್ಟೆ. ಕನ್ಯೆಯ ತಂದೆ ತಾಯಿ ನಾವಿಬ್ಬರೂ ಕೂತೆವು. ಪಕ್ಕದಲ್ಲಿ ಇವರು ನನಗಿಂತ ಒಂದು ಗೇಣು ಎತ್ತರ ಕಂಡರು. ತೆಳ್ಳಗಾದವರು ಎತ್ತರ ಕಾಣುತ್ತಾರೆಂದು ಹೆಮ್ಮೆಪಟ್ಟೆ. ಪೂಜೆ ಮುಗಿದು ಸ್ವಾಮಿಗಳು "ಏಳ್ರಿ ನಿಜಗುಣಪ್ಪನವರ" ಎಂದರು. ಬೀಗ್ತಿಯ ಮೊಬೈಲು ಮೇಲೆದ್ದಿತು. ಆ ಮೂವರು ಗಂಡಸರು ಅಂಗಿಯ ತೋಳು ಮಡಚಿದರು.

ಇವರು ಎದ್ದರು! ಕುರ್ಚಿಯಿಂದ ಎದ್ದಷ್ಟು ಸರಾಗವಾಗಿ ಎದ್ದು, ಧೋತರದ ಚುಂಗು ಝಾಡಿಸಿ ನಿಂತರು.

"ನೋಡಿದ್ರೇನ್ರಿ ಬೀಗ್ತ್ಯಾರ? ಹಸರ ಚಾ!" ಎಂದೆ ನಾನು. ಕೂತಲ್ಲಿಂದಲೇ ಅದರ ಮಹಿಮೆ, ಕುಡಿಯುವ ವಿಧಾನ, ಹೆಂಡತಿಯಾದವಳ ಕರ್ತವ್ಯ ಎಲ್ಲವನ್ನೂ ವಿವರಿಸಿದೆ. ಬೀಗ್ತಿಯ ಮುಖ ಸಣ್ಣದಾಯಿತು. ಸ್ವಾಮಿಗಳು ಮೆಲ್ಲಗೆ, "ನೀವೂ ಏಳ್ರಿ ತಾಯಿ" ಎಂದರು.

ಮುಂದೆ ವಾಲಿದೆ. ಹಿಂದೆ ವಾಲಿದೆ. ಇವರನ್ನು ಬಿಟ್ಟ ಭೂಮಿ ನನ್ನನ್ನು ಹಿಡಿದಿತ್ತು.

ಬೀಗ್ತಿ ಮೊಬೈಲನ್ನು ಪಕ್ಕದವರ ಕೈಗೆ ಕೊಟ್ಟು ("ನೆಟ್ಟಗ ಹಿಡೀರಿ" ಎಂದೂ ಹೇಳಿ) ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದರು. "ಹ್ಞಾಂ, ಎತ್ರಿ!"

ಊಟದ ಪಂಕ್ತಿ ನಡೆದಿದ್ದಾಗ ಇವರನ್ನು ಹುಡುಕಿಕೊಂಡು ಹೋದೆ. ಹಂದರದ ಮೂಲೆಯಲ್ಲಿ ಕೂತು, ಹಾಲು ಸಕ್ಕರೆ ಹಾಕಿದ ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಊದುತ್ತಿದ್ದರು.

"ಖರೇ ಹೇಳ್ರಿ. ಹಸರ ಚಾ ಕುಡದು ಎಷ್ಟ ಕಿಲೋ ಇಳದ್ರಿ?"

ಒಂದು ಗುಟುಕು ಹೀರಿ, ಇವರು ಹೇಳಿದರು:

"ಇದ್ದಷ್ಟ ಅದೇನಿ. ಕಾಡಪ್ಪಗ ಹೇಳಿ ನನ್ನ ಮಣಿಗೆ ಗೇಣುದ್ದ ಕಾಲ ಹಚ್ಚಿಸಿದ್ದೆ."