ಸಾವಕಾರರು ಊರಲ್ಲಿಲ್ಲ

ಹಾವಿಗೆ ಅಂಜುವವರಿದ್ದಾರೆ, ಕತ್ತಲೆಗೆ ಅಂಜುವವರಿದ್ದಾರೆ, ಹಲ್ಲಿನ ಡಾಕ್ಟರಿಗೆ ಅಂಜುವವರಂತೂ ಬೇಕಾದಷ್ಟಿದ್ದಾರೆ. ನಾನು ಅಂಜುವುದು ‘ಯಾಕ’ ಎಂಬ ಎರಡಕ್ಷರಕ್ಕೆ. ನಮ್ಮ ಕಡೆ ಮನೆಗೆ ಬಂದವರಿಗೆ ‘ಬರ್ರಿ, ಕೂಡ್ರಿ, ನೀರು ಕುಡೀರಿ’ ಎನ್ನುತ್ತೇವೆಯೇ ಹೊರತು ‘ಯಾಕ ಬಂದ್ರಿ’ ಎನ್ನುವುದಿಲ್ಲ. ಹಾಗೆ ಕೇಳಿದರೆ ಎದ್ದು ಹೋಗಿರಿ ಎಂದೇ ಅರ್ಥ. ಹೊರಗೆ ಹೊರಟವನನ್ನು ‘ಎಲ್ಲಿಗೆ’ ಎಂದು ಕೇಳುವುದು ಕೂಡ ಅಪಶಕುನ. ಇಂಥ ಮರ್ಯಾದಸ್ಥ ನಾಡಿನಲ್ಲಿ ತಲೆ ನರೆಸಿಕೊಂಡ ನನ್ನನ್ನು, ಈ ವಯಸ್ಸಿನಲ್ಲಿ, ‘ನೀವು ಯಾಕ ಅದೀರಿ?’ ಎಂದು ಕೇಳಿಬಿಟ್ಟರು.

ರೋಣದಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಬಿತ್ತನೆ ಕೂರಿಗೆ ತಯಾರಿಸುವ ಕಾರ್ಖಾನೆಯೊಂದಕ್ಕೆ ನಾನು ಮ್ಯಾನೇಜರು. ಹುದ್ದೆಯ ಹೆಸರು ಅದು; ಕೆಲಸ ಬೇರೆ. ಕೂರಿಗೆ ಕೆಟ್ಟಿತೆಂದು ರೈತರು ಬಂದಾಗ ಗೇಟಿಗೆ ಹೋಗಿ “ಸಾವಕಾರ್ರು ಊರಾಗಿಲ್ರಿ” ಎಂದು ಹೇಳುವುದು. ಇದನ್ನು ಸಣ್ಣ ಕೆಲಸವೆಂದು ತಿಳಿಯಬಾರದು. ನರಗುಂದದವರಿಗೆ ಕೊಂಚ ದುಃಖ ಬೆರೆಸಿ ಹೇಳಬೇಕು, ಗಜೇಂದ್ರಗಡದವರಿಗೆ ಗೌರವ ಬೆರೆಸಿ ಹೇಳಬೇಕು. ಒಳಗಿನ ಕೋಣೆಯಲ್ಲಿ ಮಾಲೀಕರಾದ ಸಾವಕಾರರು ಸೊರ್ರೆಂದು ಚಹಾ ಕುಡಿಯುವ ಸಪ್ಪಳ ಹೊರಗೆ ಕೇಳದಂತೆ ನಡುನಡುವೆ ಕೆಮ್ಮಲೂ ಬೇಕು.

ಹೀಗಿರಲು ಸಾವಕಾರರು ಕಾರ್ಖಾನೆಯನ್ನು ಮಗಳ ಕೈಗೆ ಕೊಟ್ಟರು. ನಾವೆಲ್ಲ ‘ಅಕ್ಕಾರು’ ಎಂದು ಕರೆಯುವ ಆಕೆ ಹುಬ್ಬಳ್ಳಿಯಲ್ಲಿ ಅದೆಂಥದೋ ತರಬೇತಿ ಮುಗಿಸಿ ಬಂದವರೇ ಎಲ್ಲರನ್ನೂ ಶೆಡ್ಡಿನಲ್ಲಿ ನಿಲ್ಲಿಸಿ ಕೇಳಿದರು: “ನಮ್ಮ ಕಂಪನಿ ಯಾಕ ಐತಿ? ನೀವೆಲ್ಲಾ ಇಲ್ಲಿ ಯಾಕ ಅದೀರಿ? ಸೋಮವಾರ ಒಬ್ಬೊಬ್ಬರ ಬಂದು ಹೇಳ್ರಿ.”

ವೆಲ್ಡಿಂಗ್ ಮಾಡುವ ಹುಸೇನಸಾಬ ನನ್ನ ಕಿವಿಯಲ್ಲಿ ಕೇಳಿದ, “ಶೆಟ್ರ, ಇದು ಮನಿಗೆ ಕಳಸೋ ಮಾತಲ್ಲೇನ್ರಿ?”

“ಛೆ, ಹಂಗೇನಿಲ್ಲೋ ಮಾರಾಯ” ಎಂದೆ. ಅಂದ ದನಿ ನನ್ನದು ಅನ್ನಿಸಲಿಲ್ಲ. ನನಗೆ ತಿಳಿದ ವಿದ್ಯೆಯೋ ಒಂದೇ ವಾಕ್ಯದ್ದು. ಅದನ್ನು ನಂಬಿ ಬೇರೆ ಯಾರು ಕೆಲಸ ಕೊಟ್ಟಾರು? ಮನೆಯಲ್ಲಿ ಹೆಂಡತಿಗೆ ಸಂಕಟ ತೋಡಿಕೊಂಡರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, “ನೀವು ಯಾಕ ಅದೀರಿ ಅಂತ ನಾನೂ ಭಾಳ ವರ್ಷದಿಂದ ವಿಚಾರ ಮಾಡಾಕತ್ತೀನಿ. ಗೊತ್ತಾದ್ರ ನನಗೂ ಹೇಳ್ರಿ” ಎಂದಳು.

ಸೋಮವಾರ ಹುಸೇನಸಾಬ ಮೊದಲು ಹೋಗಿ ಬೆವತು ಹೊರಬಂದ. “ವೆಲ್ಡಿಂಗ್ ಮಾಡಾಕ ಅದೀನ್ರಿ ಅಂದೆ. ‘ವೆಲ್ಡಿಂಗ್ ಯಾಕ?’ ಅಂದ್ರು.” ಒಂದು ಯಾಕದ ಹಿಂದೆ ಇನ್ನೊಂದು ಯಾಕ ಹೊಂಚು ಹಾಕಿರುತ್ತದೆಂದು ಆಗ ತಿಳಿಯಿತು. ಅಷ್ಟರಲ್ಲಿ ಗೇಟಿನ ಹತ್ತಿರ ಮುಶಿಗೇರಿಯ ರೈತರೊಬ್ಬರು ಬಂದು ನಿಂತರು. ಹೆದರಿದ ಮನುಷ್ಯ ಅಭ್ಯಾಸದ ಕೈ ಹಿಡಿಯುತ್ತಾನೆ. ಓಡಿಹೋಗಿ, “ಅಕ್ಕಾರು ಊರಾಗಿಲ್ರಿ” ಎಂದೆ.

ಅವರು ನನ್ನ ಹೆಗಲ ಮೇಲಿಂದ ಆಚೆ ನೋಡಿದರು. “ಹಂಗಾರ ನಿಮ್ಮ ಹಿಂದ ನಿಂತಾವ್ರು ಯಾರ್ರಿ?”

“ಊರಾಗ ಅದೀನ್ರಿ ಯಜಮಾನ್ರ, ಹೇಳ್ರಿ” ಎಂದಿತು ಅಕ್ಕಾರ ದನಿ. ನನ್ನನ್ನು ಕರೆಯಲೆಂದು ಅವರೇ ಎದ್ದು ಬಂದಿದ್ದರು. ಬೀಜದ ಪೈಪು ಕಟ್ಟಿಕೊಂಡು ಸಾಲು ಖಾಲಿ ಹೋಗಿದೆ ಎಂಬ ದೂರು ಕೇಳಿ ನನ್ನ ಕಡೆ ತಿರುಗಿದರು. “ಶೆಟ್ರ, ಇವರ ಜೋಡಿ ಹೊಲಕ್ಕ ಹೋಗಿ ಬರ್ರಿ. ಆಮ್ಯಾಲೆ ನಿಮ್ಮ ಉತ್ತರ ಹೇಳೀರಂತ.”

ರೈತರ ಬೈಕಿನ ಹಿಂದೆ ಕುಳಿತು, ದಾರಿಯುದ್ದಕ್ಕೂ ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಹೋದೆ. ಅವರು ಬೈಯಲೇ ಇಲ್ಲ. ಕಡಲೆ ಹಸಿರಾಗಿ ಎದ್ದಿತ್ತು. ನಡುವೆ ಉದ್ದಕ್ಕೂ ಒಂದು ಬೋಳು ಸಾಲು. “ದಿನಾ ಮುಂಜಾನಿ ಬಂದು ನಿಂತ್ರ ಇದೊಂದ ಕಾಣ್ತೈತ್ರಿ” ಎಂದರು, “ಉಳಿದಿದ್ದು ಯಾವುದೂ ಕಾಣಂಗಿಲ್ಲ.” ಬೈದಿದ್ದರೆ ಚೆನ್ನಾಗಿತ್ತು. ಆ ಸಾಲು ನನ್ನನ್ನೇ ನೋಡುತ್ತಿತ್ತು.

ಮರಳಿ ಬಂದು ಅಕ್ಕಾರ ಮುಂದೆ ನಿಂತಾಗ ಬಾಯಿಗೆ ಬಂದದ್ದು ಒಂದೇ: “ಸಾಲು ಖಾಲಿ ಹೋಗಬಾರದು ಅಂತ ಅದೀವ್ರಿ, ಅಕ್ಕಾರ.” ಅಂಜಿಕೆಯಲ್ಲಿ ಆಡಿದ ಮಾತು. ಮರುದಿನ ನೋಡಿದರೆ ಅದು ಶೆಡ್ಡಿನ ಗೋಡೆಯ ಮೇಲೆ ಆಳುದ್ದದ ಅಕ್ಷರಗಳಲ್ಲಿ ನಿಂತಿದೆ.

ಗೋಡೆಬರಹದಿಂದ ಏನಾಗುತ್ತದೆ ಎಂದು ನಾನೂ ನಕ್ಕವನೇ. ಆದರೆ ಹುಸೇನಸಾಬ ಈಗ ಪ್ರತಿ ಕೂರಿಗೆಯ ಪೈಪುಪೈಪಿಗೂ ಕಡಲೆ ಸುರಿದು, ಉದುರುವುದನ್ನು ನೋಡಿದ ಮೇಲೆಯೇ ಹೊರಗೆ ಬಿಡುತ್ತಾನೆ. ಸಾವಕಾರರೇ ಬಂದು “ಹೋಗ್ಲಿ ಬಿಡೋ, ಗಿರಾಕಿ ಕಾಯಾಕತ್ತಾರ” ಎಂದರೆ ಗೋಡೆ ತೋರಿಸುತ್ತಾನೆ. ಮುಶಿಗೇರಿಯ ಆ ರೈತರು ತಮ್ಮ ಬೀಗರನ್ನು ಕರೆತಂದು ಹೊಸ ಕೂರಿಗೆ ಕೊಡಿಸಿದರು. ಬೀಗರು ಅವರ ಬೀಗರನ್ನು ತಂದರು. ಹುಬ್ಬಳ್ಳಿಯ ತರಬೇತಿಯಲ್ಲಿ ಇದಕ್ಕೆ ದೊಡ್ಡ ಹೆಸರಿದೆಯಂತೆ. ನನಗೆ ತಿಳಿದದ್ದಿಷ್ಟು: ಮೊದಲು ನಾವೆಲ್ಲ ಸಾವಕಾರರಿಗೆ ಅಂಜುತ್ತಿದ್ದೆವು, ಈಗ ಸಾವಕಾರರೂ ಸೇರಿ ಎಲ್ಲರೂ ಆ ಖಾಲಿ ಸಾಲಿಗೆ ಅಂಜುತ್ತೇವೆ.

ನನ್ನ ಕುರ್ಚಿ ಉಳಿಯಿತು, ಆದರೆ ಗೇಟಿನ ಪಕ್ಕಕ್ಕೆ ಬಂತು. ಮೇಲೊಂದು ಫಲಕ: ‘ದೂರು ಇದ್ದರೆ ಪಟ್ಟಣಶೆಟ್ಟರನ್ನು ಕಾಣಿರಿ’. ಪಟ್ಟಣಶೆಟ್ಟರೆಂದರೆ ನಾನೇ. ಮೊನ್ನೆ ಹೊಳೆಮಣ್ಣೂರಿನ ಆಜಾನುಬಾಹು ಒಬ್ಬರು ಹೆಗಲ ಮೇಲೆ ಕೂರಿಗೆಯ ಕಬ್ಬಿಣದ ಪೈಪು ಹೊತ್ತು ಬಂದು ನಿಂತರು.

“ಪಟ್ಟಣಶೆಟ್ರು ಅಂದ್ರ ಯಾರ್ರಿ?”

ಪೈಪನ್ನು ನೋಡಿದೆ, ಮೀಸೆಯನ್ನು ನೋಡಿದೆ. ಹಳೆಯ ದುಃಖ, ಹಳೆಯ ಗೌರವ ಎರಡೂ ತಾವಾಗಿ ದನಿಗೆ ಬಂದು ಕೂಡಿದವು.

“ಅವ್ರು ಊರಾಗಿಲ್ರಿ” ಎಂದೆ.

ಒಳಗಿನಿಂದ ಅಕ್ಕಾರು ಮೆತ್ತಗೆ ಕೇಳಿದರು, “ಯಾಕ್ರಿ, ಶೆಟ್ರ?”